ಅಪ್ಪನ ಕಿವಿಗೆ ಹದಿಮೂರರ ಮಗ್ಗಿ

ಹಿಟ್ಟಿನ ಪರಾತ ಹೊತ್ತುಕೊಂಡು ಹೋದ ಗಂಗಿ ಹಾಗೆಯೇ ತಿರುಗಿ ಬಂದಳು. ಪಕ್ಕದ ಮಾಲವ್ವನ ಮನೆಗೆ ಬೀಗ. ಹಳಿಯಾಳಕ್ಕೆ, ತಂಗಿಯ ಮನೆಗೆ ಹೋಗಿದ್ದಾಳಂತೆ.

“ಇನ್ನ ಹೆಂಗ ಮಾಡೂದು?” ಅವ್ವ ಪಿಸುಗುಟ್ಟಿದಳು.

ಹದಿನೈದು ದಿನದಿಂದ ಆ ಮನೆಯಲ್ಲಿ ಬರೀ ಪಿಸುಮಾತು. ಜ್ವರ ಬಿಟ್ಟ ಮೇಲೆ ಅಪ್ಪನ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದುಬಿಟ್ಟಿತ್ತು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದ್ದರು. ಕಿವಿ ಸ್ವಚ್ಛ ಇದೆ, ಎಣ್ಣೆ ಗಿಣ್ಣೆ ಹಾಕಬೇಡಿ, ನಿದ್ದೆ ಮಾತ್ರ ಚೆನ್ನಾಗಿ ಆಗಲಿ ಎಂದಿದ್ದರು.

ಆ ನಿದ್ದೆಯೇ ಬರುತ್ತಿರಲಿಲ್ಲ. ದಾಂಡೇಲಿಯ ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ, ಹೊರಳಾಡಿ ಹೊರಳಾಡಿ ಹಾಗೆಯೇ ಎದ್ದು ಕೂಡುತ್ತಿದ್ದ. ಮೊನ್ನೆ ಮಶೀನಿನ ಮುಂದೆ ನಿಂತಲ್ಲೇ ತೂಕಡಿಸಿದನಂತೆ. ಜೊತೆಯವರು ತೋಳು ಹಿಡಿದು ಹಿಂದಕ್ಕೆ ಎಳೆದರಂತೆ. ಅದನ್ನು ಕೇಳಿದಾಗಿನಿಂದ ಗಂಗಿಗೆ ಊಟ ಸೇರುತ್ತಿರಲಿಲ್ಲ.

ಅವ್ವ ಮನೆಯ ಸದ್ದನ್ನೆಲ್ಲ ಅಡಗಿಸಿದ್ದಳು. ದೇವರ ಗಂಟೆಯ ನಾಲಿಗೆಗೆ ಚಿಂದಿ ಸುತ್ತಿದ್ದಳು. ರೊಟ್ಟಿ ಬಡಿಯುವುದು ಮಾಲವ್ವನ ಮನೆಯಲ್ಲಿ. ಗಂಗಿ ಮಗ್ಗಿ ಹೇಳಿಕೊಳ್ಳುವುದು ಹಿತ್ತಲಲ್ಲಿ, ಅದೂ ತುಟಿಯೊಳಗೇ. ನಾಳೆ ಸೋಮವಾರ ಮಾಸ್ತರರಿಗೆ ಹದಿಮೂರರ ಮಗ್ಗಿ ಒಪ್ಪಿಸಬೇಕು. ಇನ್ನೂ ಪೂರ್ತಿ ಬಂದಿರಲಿಲ್ಲ.

“ಮೆಲ್ಲಕ ಬಡೀತೇನಿ. ನೀ ಬಾಗಿಲದಾಗ ಕುಂದರು. ಅಪ್ಪಗ ಎಚ್ಚರಾತಂದ್ರ ಕೈ ಮಾಡು,” ಎಂದಳು ಅವ್ವ.

ಅಪ್ಪನಿಗೆ ನಿದ್ದೆ ಹತ್ತಿದ್ದರೆ ತಾನೆ ಎಚ್ಚರಾಗಲು? ಕಿವಿಗೆ ಅಂಗೈ ಒತ್ತಿಕೊಂಡು ಸೂರು ನೋಡುತ್ತ ಮಲಗಿದ್ದ.

ಪಟ, ಪಟ, ಪಟ.

ಗಂಗಿ ಕೈ ಎತ್ತಬೇಕು ಎನ್ನುವಷ್ಟರಲ್ಲಿ ಅಪ್ಪನ ಅಂಗೈ ಕಿವಿಯಿಂದ ಜಾರಿತು. ಮೂರನೆಯ ರೊಟ್ಟಿಗೆ ರೆಪ್ಪೆ ಮುಚ್ಚಿತು. ಐದನೆಯದಕ್ಕೆ ಉಸಿರು ಉದ್ದವಾಯಿತು. ಏಳಕ್ಕೆ ಹಿಟ್ಟು ಮುಗಿಯಿತು. ಮನೆ ಮತ್ತೆ ಸುಮ್ಮನಾಯಿತು.

ಅಪ್ಪ ಕಣ್ಣು ಬಿಟ್ಟ.

ರೊಟ್ಟಿಯ ಸದ್ದಿಗೆ ಎಚ್ಚರವಾಯಿತೇ ಎಂದು ಗಂಗಿ ಅಳುಕುತ್ತ ಕೇಳಿದಳು.

“ಇಲ್ಲ ಗಂಗಿ. ಮನಿ ಸುಮ್ನಾದ ಕೂಡ್ಲೆ ಈ ಗುಂಯ್ ಅನ್ನೂದೊಂದ ಕೇಳತೈತಿ ನೋಡು,” ಅಪ್ಪ ಕಿವಿ ಮುಟ್ಟಿ ತೋರಿಸಿದ.

“ಮತ್ತ ಮದ್ಲ ಯಾಕ ಹೇಳಲಿಲ್ಲ?”

“ನನ್ನ ಸಲುವಾಗಿ ದೇವರ ಗಂಟಿ ಸುದ್ದಾ ಕಟ್ಯಾಳ ನಿಮ್ಮವ್ವ. ಹೆಂಗ ಬ್ಯಾಡನ್ನಲಿ?”

ಗಂಗಿ ಬಾಗಿಲಿಂದ ಎದ್ದು ಬಂದಳು. ಅಪ್ಪನ ತಲೆಯ ಹತ್ತಿರ ಕೂತು ಮೆಲ್ಲಗೆ ಶುರುಮಾಡಿದಳು. “ಹದಿಮೂರೊಂದ್ಲ ಹದಿಮೂರು. ಹದಿಮೂರೆರಡ್ಲ ಇಪ್ಪತ್ತಾರು...”

ಅವ್ವ ಹಿಟ್ಟುಗೈಯಲ್ಲೇ ಓಡಿಬಂದಳು. ಗದರಿಸಲು ಬಾಯಿ ತೆರೆದವಳು ಅಪ್ಪನ ರೆಪ್ಪೆ ಇಳಿಯುತ್ತಿರುವುದನ್ನು ನೋಡಿ ಅಲ್ಲೇ ನಿಂತಳು.

“ಹದಿಮೂರೆಂಟ್ಲ...” ಗಂಗಿ ತಡವರಿಸಿದಳು. ಯಾವಾಗಲೂ ಎಡವುವುದು ಅಲ್ಲೇ.

“ನೂರಾ ನಾಕು,” ಎಂದ ಅಪ್ಪ, ಕಣ್ಣು ಮುಚ್ಚಿಕೊಂಡೇ.

ಹತ್ತು ಮುಗಿಯುವ ಹೊತ್ತಿಗೆ ಅಪ್ಪನಿಗೆ ನಿದ್ದೆ ಹತ್ತಿತ್ತು. ಒಳಗೆ ಅವ್ವ ಗಂಟೆಯ ಚಿಂದಿ ಬಿಚ್ಚುತ್ತಿದ್ದಳು. ಗಂಗಿ ನಿಲ್ಲಿಸಲಿಲ್ಲ. ದನಿ ಏರಿಸದೆ, ಇಳಿಸದೆ, ಅವ್ವ ರೊಟ್ಟಿ ಬಡಿದ ಲಯದಲ್ಲೇ ಮತ್ತೆ ಒಂದರಿಂದ ಹಿಡಿದಳು.