ಪೀಠದ ಮೇಲಿನ ಹಿಡಿ ಅಕ್ಕಿ

ಪೀಠದ ಮೇಲೆ ಪುಸ್ತಕ ಇರಲಿಲ್ಲ. ಅದನ್ನು ಸುತ್ತಿಡುತ್ತಿದ್ದ ಕೆಂಪು ಬಟ್ಟೆ ನಾಲ್ಕು ಮಡಿಕೆಯಾಗಿ ಪಕ್ಕದಲ್ಲಿತ್ತು. ಪುಸ್ತಕವಿದ್ದ ಜಾಗದಲ್ಲಿ ಒಂದು ಹಿಡಿ ಅಕ್ಕಿ, ಅದರ ಮೇಲೊಂದು ತುಳಸಿ ಕುಡಿ. ಆ ಗುರುವಾರ ಬೆಳಿಗ್ಗೆ ನಾನು ಕಪಾಲೇಶ್ವರನ ದರ್ಶನ ಮುಗಿಸಿ, ಎಂದಿನಂತೆ ಚಹಾಕ್ಕೆಂದು ವಾರಿಜಕ್ಕನ ಹೋಟೆಲಿಗೆ ಬಂದಾಗ, ಮಹಡಿಯ ದೊಡ್ಡ ಕೋಣೆಯಲ್ಲಿ ಅವರ ಮೊಮ್ಮಗಳು ಪ್ರಜ್ಞಾ ಆ ಪೀಠದ ಮುಂದೆ ನಿಂತು ಅಳುತ್ತಿದ್ದಳು.

ನಾನು ರೇವಣಪ್ಪ, ಬೀದರ ಜಿಲ್ಲೆಯ ಭಾಲ್ಕಿ ಕಡೆಯವನು. ನಾಶಿಕದಲ್ಲಿ ಮನೆ ಮಾಡಿಕೊಂಡು, ದಿನವೂ ರೈಲಿನಲ್ಲಿ ಹೋಗಿಬಂದು, ಮನ್ಮಾಡಿನ ಪಾರ್ಸೆಲ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದವನು. ನನ್ನ ಹೆಂಡತಿ ಕಸ್ತೂರಿಬಾಯಿ ಲಿಂಗೈಕ್ಯಳಾಗಿ ಆಗ ನಾಲ್ಕು ತಿಂಗಳಾಗಿತ್ತು. ಮನೆಗೆ ಬಂದು ಬಾಗಿಲಲ್ಲೇ ಆಕೆಯ ಹೆಸರು ಹಿಡಿದು ಕೂಗುವುದು ನನ್ನ ರೂಢಿ. ಈಗ ಕೂಗಲು ಕಾರಣ ಉಳಿದಿರಲಿಲ್ಲ. ಹೀಗಾಗಿ ಹಗಲೆಲ್ಲ ವಾರಿಜಕ್ಕನ ಹೋಟೆಲಿನಲ್ಲೇ ಕಳೆಯುತ್ತಿದ್ದೆ.

ವಾರಿಜಾಕ್ಷಿಯವರು ಉಡುಪಿ ಕಡೆಯವರು. ಪಂಚವಟಿಯ ಆ ಹೋಟೆಲಿನಲ್ಲಿ ಐವತ್ತು ವರ್ಷ, ತೊಳೆಯಲು ಬರುವ ತಟ್ಟೆಗಳ ಕಿಂಡಿಯ ಬಳಿ ಕುಳಿತವರು. ತಟ್ಟೆಯಲ್ಲಿ ಉಳಿದದ್ದನ್ನು ನೋಡಿ ಉಂಡವರ ಮನಸ್ಸು ಹೇಳುತ್ತಿದ್ದರು. ಪೇಟೆಯಲ್ಲಿ ಯಾರ ಸಾಮಾನು ಕಳೆದರೂ ಜನ ಠಾಣೆಗೆ ಹೋಗುವ ಮೊದಲು ಆ ಕಿಂಡಿಗೆ ಬರುತ್ತಿದ್ದರು.

ಕಳೆದದ್ದು ತಾಳಮದ್ದಳೆ ಕೂಟದ ಪುಸ್ತಕ. ಪ್ರತಿ ಶನಿವಾರ ಮೂರು ಗಂಟೆಗೆ, ಹೋಟೆಲಿನ ಬಿಡುವಿನ ವೇಳೆಯಲ್ಲಿ, ಅಡುಗೆಯವರು, ಬಡಿಸುವವರು ಎಲ್ಲ ಆ ಕೋಣೆಯಲ್ಲಿ ಸೇರುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ, ಕುಳಿತವರು ಕರ್ಣನೋ ಕೃಷ್ಣನೋ ಆಗಿ ಮಾತಾಡುತ್ತಾರೆ. ಆಡಿದ ಮಾತು ಅಲ್ಲಿಗೇ ಮುಗಿಯಿತು, ಬರೆದಿಡುವ ಪದ್ಧತಿಯಿಲ್ಲ. ಯಾವ ದಿನ ಯಾರು ಯಾವ ಪಾತ್ರವಾದರು ಎಂಬುದನ್ನು ಮಾತ್ರ ಹರಿದಾಸರೆಂಬ ಹಿರಿಯರು ನಲವತ್ತು ವರ್ಷ ಬರೆದಿಟ್ಟಿದ್ದರು. ಅವರು ಕೊನೆಗಾಲದಲ್ಲಿ, ಸಂಭಾಜಿನಗರದಲ್ಲಿ ವಾರಿಜಕ್ಕನ ತಂಗಿಯ ಮನೆಯವರು ನಡೆಸುವ ಹೋಟೆಲಿನಲ್ಲಿದ್ದು ಅಲ್ಲೇ ತೀರಿಕೊಂಡರು. ಆಮೇಲೆ ಅವರ ತಮ್ಮ, ಮದ್ದಳೆಯ ಯತಿರಾಜ್, ಬರವಣಿಗೆ ಮುಂದುವರಿಸಿದ್ದರು.

ಪ್ರಜ್ಞಾ ಎರಡು ವರ್ಷ ಕಷ್ಟಪಟ್ಟು ಈ ಕೂಟದ ಮೇಲೆ ಮರಾಠಿಯಲ್ಲಿ ಲೇಖನ ಬರೆದಿದ್ದಳು. ಪುಣೆಯ ರಂಗಕಲೆಗಳ ಪತ್ರಿಕೆಯೊಂದಕ್ಕೆ ಶನಿವಾರ ಸಂಜೆ ಐದರೊಳಗೆ ಅದು ತಲುಪಬೇಕು. ಜೊತೆಗೆ ಮೂಲ ಪುಸ್ತಕದ ಪುಟಗಳ ಸ್ಕ್ಯಾನ್, ಈಗ ಕೂಟದಲ್ಲಿರುವ ಕಲಾವಿದರ ಒಪ್ಪಿಗೆ ಪತ್ರ ಇರಲೇಬೇಕು; ಒಂದು ಕಡಿಮೆಯಾದರೂ ಲೇಖನ ತೆರೆದು ನೋಡುವುದಿಲ್ಲ.

"ಅಜ್ಜಿ, ಶ್ರೀನಿಧಿಯೇ ಒಯ್ದದ್ದು!" ಎಂದಳು ಪ್ರಜ್ಞಾ. "ಅವನಿಗೆ ಪುಸ್ತಕದ ವೀಡಿಯೊ ಮಾಡ್ಬೇಕಿತ್ತು. ನನ್ನ ಲೇಖನ ಬರುವ ತನಕ ನಕೋ, ಬೇಡ ಅಂದೆ. ಆಜ್ ಸಕಾಳಿ, ಬೆಳಗಾಗುವಾಗಲೇ, ಮೊದಲ ರೈಲಿಗೆ ಹೋದ. ಮತ್ತೆ ಇನ್ಯಾರು?"

"ಮೊದಲು ಮೂಗು ಒರೆಸು. ಹೆಸರು ಆಮೇಲೆ ಹೇಳುವ," ಎಂದರು ವಾರಿಜಕ್ಕ.

ಶ್ರೀನಿಧಿ ವಾರಿಜಕ್ಕನ ತಂಗಿಯ ಮೊಮ್ಮಗ, ಇಲ್ಲಿಗೆ ಬಂದು ಉಳಿದಿದ್ದವನು. ಸಂಭಾಜಿನಗರದ ಹೋಟೆಲನ್ನು ಈಗ ಅವನೇ ನಡೆಸುತ್ತಿದ್ದ. ನನಗೂ ಅವನ ಮೇಲೆಯೇ ಅನುಮಾನ.

ಅಕ್ಕ ಪೀಠದ ಅಕ್ಕಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೇಜಿನತ್ತ ಹೋದರು. ಅಲ್ಲಿ ಲೇಖನದ ಪ್ರತಿ ಇತ್ತು. ಎಲ್ಲಕ್ಕಿಂತ ಮೇಲೆ ಇದ್ದದ್ದು ಏಳನೆಯ ಪುಟ.

"ನೀನು ಹೀಗೆ ಇಟ್ಟದ್ದಾ?"

"ಇಲ್ಲ. ಸಾಲಾಗಿ ಇಟ್ಟಿದ್ದೆ."

ಏಳನೆಯ ಪುಟದಲ್ಲೊಂದು ಪಟ್ಟಿ. ಯಾರು ಎಷ್ಟು ವರ್ಷ, ಯಾವ ಯಾವ ಪಾತ್ರ ಎಂಬ ವಿವರ. ಅಕ್ಕ ಅದನ್ನು ಓದಿ ಕೆಳಗಿಟ್ಟರು. ಒಪ್ಪಿಗೆ ಪತ್ರಗಳ ಕಟ್ಟು ತೆಗೆದು ಎಣಿಸಿದರು.

"ಎಷ್ಟಿರಬೇಕು?"

"ಹನ್ನೆರಡು."

"ಹನ್ನೊಂದು ಉಂಟು," ಎಂದರು. ಯಾರದು ಇಲ್ಲವೆಂದು ನೋಡಿಕೊಂಡರು, ಆದರೆ ಹೇಳಲಿಲ್ಲ.

ಅಷ್ಟರಲ್ಲಿ ಎದುರು ಸಾಲಿನ ಟೈಪಿಂಗ್ ಅಂಗಡಿಯ ಓಂಕಾರ ಸ್ಕ್ಯಾನರ್ ಹೊತ್ತು ಬಂದ. ಅವನು ಕಲಬುರಗಿಯವನು. ಪುಸ್ತಕ ಇಲ್ಲವೆಂದು ಕೇಳಿ ಸ್ಕ್ಯಾನರನ್ನು ಎದೆಗವಚಿಕೊಂಡೇ ನಿಂತ.

"ನಿನ್ನೆ ನಾಕು ಗಂಟೆಕ್ಕ ಪ್ರಿಂಟ್ ಕೊಟ್ಟು ಹೋದೆನ್ರಿ. ಆಗ ಪುಸ್ತಕ ಇತ್ರಿ. ಪ್ರಜ್ಞಾ ಮೇಡಮ್ಮಾರು ನನ್ನ ಸಂಗಟಾನೇ ಕೆಳಗ ಇಳದ್ರು. ಯತಿರಾಜಣ್ಣಾರೊಬ್ರು ಮದ್ದಳಿ ಬಿಗಿ ಮಾಡ್ಕೋತ ಕುಂತಿದ್ರು."

"ಬೀಗ?"

"ಕೀಲಿ ಅಡಿಗಿಮನಿ ಮೊಳಿಗೆ ಇರ್ತದಲ್ರಿ ಅಕ್ಕಾರ. ಯಾರ್ ಬೇಕಾದ್ರೂ ತಗೋಬಹುದು. ನಾನೂ ತಗೋಬಹುದ್ರಿ. ಖರೇ ನಾ ತಗೊಂಡಿಲ್ರಿ!"

"ನೀನು ಅಲ್ಲ ಮಾರಾಯ. ಸ್ಕ್ಯಾನರು ಕೆಳಗಿಡು, ಕೈ ನೋಯ್ತದೆ," ಎಂದು ಅಕ್ಕ ನಕ್ಕರು.

ಯತಿರಾಜರನ್ನು ಕರೆಸಿದರು. ಎಪ್ಪತ್ತೆರಡರ ತೆಳ್ಳಗಿನ ಮನುಷ್ಯ. ಹೋಟೆಲಿನ ಹಿಂದಿನ ಕೋಣೆಯಲ್ಲೇ ವಾಸ. ಬರಿದಾದ ಪೀಠ ನೋಡಿ ಅವರು ಗಾಬರಿಯಾಗಲಿಲ್ಲ. ಕೈ ಮುಗಿದು, "ಅದು ಅಣ್ಣನ ಪುಸ್ತಕ ಅಕ್ಕ. ಅದಕ್ಕೆ ಎಂತ ಆಗುವುದಿಲ್ಲ," ಎಂದು ಹೇಳಿ ಹೋದರು. ಅವರ ಭಕ್ತಿಗೆ ನಾನು ಮನಸ್ಸಿನಲ್ಲೇ ತಲೆದೂಗಿದೆ.

ಕೆಳಗಿಳಿಯುವಾಗ ಅಕ್ಕ ತಮ್ಮಷ್ಟಕ್ಕೇ ಅಂದರು: "ನಿನ್ನೆ ಸಂಜೆ ಒಂದು ತಟ್ಟೆ ಮುಟ್ಟದೆ ವಾಪಸು ಬಂತು ರೇವಣಪ್ಪನವರೇ. ಗೋಳಿಬಜೆ. ನಮ್ಮ ಮನೆಯಲ್ಲಿ ಗೋಳಿಬಜೆ ಬಿಟ್ಟವರನ್ನು ನಾನು ಕಂಡದ್ದಿಲ್ಲ."

"ಪುಸ್ತಕಕ್ಕೂ ಬಜಿಗೂ ಏನ್ ಸಂಬಂಧರಿ ಅಕ್ಕಾರ?"

"ನಾಳೆ ಸಂಭಾಜಿನಗರಕ್ಕೆ ಎರಡು ಟಿಕೇಟು ತೆಗೆಯಿರಿ. ಸಂಬಂಧ ಅಲ್ಲಿ ಕೇಳುವ."

ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಹೊರಟೆವು. ನಿಫಾಡ್ ದಾಟುವಾಗ ಎರಡೂ ಕಡೆ ದ್ರಾಕ್ಷಿಯ ಚಪ್ಪರ. ಮನ್ಮಾಡಿನಲ್ಲಿ ನನ್ನ ಹಳೆಯ ಕಚೇರಿಯ ಕಿಟಕಿ ಕಂಡಿತು. ಅಲ್ಲಿ ಕುಳಿತೇ ಎಷ್ಟು ಶನಿವಾರ ಕಳೆದೆನೋ! ಕಸ್ತೂರಿ ಆ ಹೊತ್ತಿಗೆಲ್ಲ ವಾರಿಜಕ್ಕನ ಹೋಟೆಲಿಗೆ ಹೋಗಿ ಕೂಟ ಕೇಳಿ ಬರುತ್ತಿದ್ದಳು. ನನಗೆ ರಜೆ ಸಿಗುತ್ತಿರಲಿಲ್ಲ.

ಸಂಭಾಜಿನಗರದ ಹೋಟೆಲಿನ ಬಾಗಿಲಲ್ಲೇ ಶ್ರೀನಿಧಿ ನನ್ನ ಹಣೆಯ ವಿಭೂತಿ ನೋಡಿ, "ಅಜ್ಜಿ, ಪೊಲೀಸರ ಬದಲು ಸ್ವಾಮಿಗಳನ್ನು ಕರ್ಕೊಂಡು ಬಂದ್ರಾ? ಪ್ರಜ್ಞಾ ಫೋನಿನಲ್ಲಿ ಬೈದು ಮುಗಿಸಿದ್ದಾಳೆ. ಸಗಳಾ ಹೋಟೆಲ್ ಮೂಲೆ ಮೂಲೆ ಹುಡುಕಿ. ನಾನು ಪುಸ್ತಕ ಮುಟ್ಟಿಲ್ಲ," ಎಂದ.

"ನಿನ್ನೆ ಬರುವಾಗ ಕೈಯಲ್ಲಿ ಎಂತೆಲ್ಲ ಇತ್ತು?"

"ಬ್ಯಾಗು, ನಿಮ್ಮ ಉಪ್ಪಿನಕಾಯಿ. ಮತ್ತೆ ದೇವರಕೋಣೆಗೆ ಅಂತ ಒಂದು ಫೋಟೋದ ಪೊಟ್ಟಣ. ಬಿಚ್ಚಬೇಡ, ನಾನೇ ಬಂದು ಇಡ್ತೇನೆ ಅಂತ ಹೇಳಿ ಕೊಟ್ಟರು, ಅದೇ ನಮ್ಮ..."

"ಹೆಸರು ಬೇಡ," ಎಂದು ಅಕ್ಕ ಕೈ ಎತ್ತಿದರು. "ಅದನ್ನು ಹೇಳುವ ಹಕ್ಕು ಅವರದ್ದು."

ದೇವರಕೋಣೆಯಲ್ಲಿ ಹರಿದಾಸರ ಭಾವಚಿತ್ರ ಹಾರ ಹಾಕಿಕೊಂಡು ನಿಂತಿತ್ತು. ಅದರ ಕೆಳಗೆ ವರ್ತಮಾನಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ. ಅಕ್ಕ ನಮಸ್ಕರಿಸಿ ಬಿಚ್ಚಿದರು. ಒಳಗಿತ್ತು ಕೂಟದ ಪುಸ್ತಕ. "ಇದಾ ಫೋಟೋ?" ಎಂದ ಶ್ರೀನಿಧಿ. ಇಷ್ಟು ದೂರ ಬಂದು ಹತ್ತಿರದ ಜ್ಯೋತಿರ್ಲಿಂಗ ಘೃಷ್ಣೇಶ್ವರನಿಗೆ ಕೈ ಮುಗಿಯದೆ ಮರಳಬೇಕಾಯಿತಲ್ಲ ಎಂದು ನನಗೆ ಕೊರಗು. ಆದರೆ ಅಕ್ಕ ಅದೇ ಸಂಜೆಯ ರೈಲಿಗೆ ಶ್ರೀನಿಧಿಯನ್ನೂ ಹತ್ತಿಸಿದರು.

ಶನಿವಾರ ಹನ್ನೊಂದು ಗಂಟೆಗೆ ಮಹಡಿಯ ಕೋಣೆಯಲ್ಲಿ ಪ್ರಜ್ಞಾ, ಶ್ರೀನಿಧಿ, ಓಂಕಾರ, ಯತಿರಾಜ್, ನಾನು ಸೇರಿದೆವು. ಅಕ್ಕ ಪುಸ್ತಕವನ್ನು ಪೀಠದ ಮೇಲಿಟ್ಟು ಚಾಪೆಯ ಮೇಲೆ ಕುಳಿತರು.

"ಮೊದಲು ಅಕ್ಕಿಯ ಮಾತು," ಎಂದರು. "ನಮ್ಮ ಕಡೆ ಪೂಜೆ ಆದ ಪೀಠವನ್ನು ಬರಿದು ಬಿಡುವುದಿಲ್ಲ. ಮೂರ್ತಿ ತೆಗೆದರೆ ಒಂದು ಹಿಡಿ ಅಕ್ಕಿ ಇಟ್ಟು ತೆಗೆಯುವುದು. ಶ್ರೀನಿಧಿಗೆ ಪುಸ್ತಕ ಬರೀ ವೀಡಿಯೊದ ಸಾಮಾನು. ಅವನಿಗೆ ಇದು ಹೊಳೆಯುವುದಿಲ್ಲ. ಓಂಕಾರ ಶಿವಭಕ್ತ, ಇಟ್ಟರೂ ಬಿಲ್ವ ಇಡುತ್ತಿದ್ದ, ತುಳಸಿ ಅಲ್ಲ. ಪುಸ್ತಕವನ್ನೇ ದೇವರೆಂದು ನಂಬಿದ, ನಮ್ಮ ಕಡೆಯ ಹಿರಿಯರೊಬ್ಬರು ಅದನ್ನು ತೆಗೆದದ್ದು."

ಓಂಕಾರ ಹೌದೆಂದು ತಲೆಯಾಡಿಸಿದ.

"ಎರಡನೆಯದು ಪತ್ರ. ಲೇಖನ ಹಾಳು ಮಾಡುವವ ಹನ್ನೆರಡೂ ಪತ್ರ ಒಯ್ಯುತ್ತಾನೆ. ಪುಸ್ತಕ ಮಾತ್ರ ಬೇಕಾದವ ಒಂದೂ ಮುಟ್ಟುವುದಿಲ್ಲ. ಒಂದೇ ಒಂದು ಹೋಗಿತ್ತು. ಯಾರೋ ತಾನು ಕೊಟ್ಟ ಒಪ್ಪಿಗೆಯನ್ನು ಹಿಂದೆ ತೆಗೆದುಕೊಂಡದ್ದು. ಯಾಕೆ? ಅದಕ್ಕೆ ಏಳನೆಯ ಪುಟ ನೋಡಬೇಕು. ಪ್ರಜ್ಞಾ, ಆ ಪಟ್ಟಿ ಓದು."

ಪ್ರಜ್ಞಾ ಮೆಲ್ಲಗೆ ಓದಿದಳು: "ಕಲಾವಂತ ಒಂದು, ಇಪ್ಪತ್ತೆಂಟು ವರ್ಷ, ಕರ್ಣ. ಕಲಾವಂತ ಎರಡು..."

"ಸಾಕು. ಬುಧವಾರ ನಾಲ್ಕು ಗಂಟೆಗೆ ಆ ಪುಟ ಮೇಜಿಗೆ ಬಂತು. ಆಗ ಇಲ್ಲಿ ಉಳಿದವರು ಒಬ್ಬರೇ. ಐದು ಗಂಟೆಗೆ ಅವರ ತಟ್ಟೆಯ ಗೋಳಿಬಜೆ ಮುಟ್ಟದೆ ಬಂತು. ಮರುದಿನ ಬರಿಯ ಪೀಠ ನೋಡಿಯೂ ಅವರೊಬ್ಬರೇ ಹೆದರಲಿಲ್ಲ. ಪುಸ್ತಕ ಕ್ಷೇಮ ಎಂದು ತಿಳಿದವರಿಗೆ ಮಾತ್ರ ಅಷ್ಟು ಧೈರ್ಯ. ಆ ಬೆಳಿಗ್ಗೆ ಮನೆಯಿಂದ ಹೊರಗೆ ಹೋದವ ಶ್ರೀನಿಧಿ ಒಬ್ಬ. ಅವನು ಹೋದ ಊರಲ್ಲಿ ಹರಿದಾಸಣ್ಣನ ಭಾವಚಿತ್ರ ಉಂಟು. ನನಗೆ ಅಷ್ಟು ಸಾಕಾಯಿತು."

ಯತಿರಾಜರು ಕಿಸೆಯಿಂದ ಮಡಿಸಿದ ಕಾಗದ ತೆಗೆದು ಅಕ್ಕನ ಮುಂದಿಟ್ಟರು. ಅವರದೇ ಒಪ್ಪಿಗೆ ಪತ್ರ.

"ನಾನೇ ಅಕ್ಕ. ಮಗು ಓದಿದವಳು, ನಮ್ಮನ್ನು ಪ್ರಪಂಚಕ್ಕೆ ತೋರಿಸುತ್ತಾಳೆ ಅಂತ ಕಣ್ಣುಮುಚ್ಚಿ ಸಹಿ ಹಾಕಿದೆ. ಬುಧವಾರ ನೋಡಿದರೆ ಅಣ್ಣ ಇಲ್ಲ. ಅವರ ಜಾಗದಲ್ಲಿ ಒಂದು ಅಂತ ಉಂಟು. ಹಗಲೆಲ್ಲ ದೋಸೆ ಹುಯ್ಯುವಾಗ ನಮ್ಮನ್ನು ಹೆಸರು ಹಿಡಿದು ಕರೆದವರು ಯಾರು? ಏಯ್ ಅಂದವರೇ ಎಲ್ಲ. ಶನಿವಾರ ಮೂರು ಗಂಟೆ ನಮಗೆ ಹೆಸರಿತ್ತು. ಅಣ್ಣ ಅದನ್ನು ಬರೆದಿಟ್ಟರು. ಅದನ್ನೂ ಅಳಿಸುವುದಾದರೆ ಪುಸ್ತಕ ಅವರ ಹತ್ತಿರವೇ ಇರಲಿ ಅನ್ನಿಸಿತು. ಶ್ರೀನಿಧಿ, ನಿನ್ನ ಮೇಲೆ ಅಪವಾದ ಬಂತು. ಕ್ಷಮಿಸು ಮಾರಾಯ."

"ಜಾಊ ದ್ಯಾ ಅಣ್ಣ, ಹೋಗಲಿ ಬಿಡಿ," ಎಂದ ಶ್ರೀನಿಧಿ, ತಲೆ ತಗ್ಗಿಸಿ.

ಪ್ರಜ್ಞಾ ಎದ್ದು ಬಂದು ಯತಿರಾಜರ ಕಾಲ ಬಳಿ ಕುಳಿತಳು. "ಯತಿರಾಜಣ್ಣ, ಅಳಿಸಿದ್ದಲ್ಲ. ಲೇಖನ ಪರೀಕ್ಷೆ ಮಾಡುವವರಿಗೆ ಬರೆದದ್ದು ಯಾರು ಅಂತ ಗೊತ್ತಾಗಬಾರದು, ಅದು ನಿಯಮ. ಅಜ್ಜಿಯ ಹೆಸರು ಕಂಡರೆ ನಾನು ಅಂತ ತಿಳೀತದೆ. ಅದಕ್ಕೆ ಎಲ್ಲರದೂ ತೆಗೆದೆ. ಅಚ್ಚಾಗುವಾಗ ಮತ್ತೆ ಹಾಕ್ತೇನೆ."

"ಅಚ್ಚು ಆಗದಿದ್ದರೆ?"

ಪ್ರಜ್ಞಾ ಅಜ್ಜಿಯತ್ತ ತಿರುಗಿದಳು.

"ಸಹಿ ಹಾಕಿಸುವಾಗ ಇದನ್ನು ಓದಿ ಹೇಳಿದೆಯಾ?" ಎಂದು ಅಕ್ಕ ಕೇಳಿದರು.

"ಇಲ್ಲ ಅಜ್ಜಿ. ಬೋರ್ ಆಗ್ತದೆ ಅವರಿಗೆ ಅಂತ..."

"ತಪ್ಪು ಅಲ್ಲಿ. ಈಗ ಪುಣೆಗೆ ಫೋನ್ ಮಾಡು. ಎಷ್ಟು ಹೆಸರು ಮುಚ್ಚಬೇಕು ಅಂತ ಸರಿಯಾಗಿ ಕೇಳು."

ಸಂಪಾದಕಿ ಶಾಂತವಾಗಿ ಉತ್ತರಿಸಿದರು. ಮುಚ್ಚಬೇಕಾದದ್ದು ಬರೆದವಳ ಹೆಸರು, ಅವಳ ಮನೆಯವರ ಹೆಸರು, ಅಷ್ಟೇ. ಉಳಿದ ಕಲಾವಿದರ ಹೆಸರು ಇರಲಿ, ಇದ್ದರೆ ಒಳ್ಳೆಯದು.

"ಪಟ್ಟಿಯಲ್ಲಿ ನನ್ನದು ಎಂಟನೆಯ ಸಾಲು. ಹಾಗಾದರೆ ನಾನೊಬ್ಬಳೇ ಎಂಟಾಗಿ ಉಳಿಯುವುದು," ಎಂದರು ವಾರಿಜಕ್ಕ. "ಅಡ್ಡಿಯಿಲ್ಲ. ಇವತ್ತಿಂದ ತಟ್ಟೆ ಕಿಂಡಿಯಲ್ಲಿ ಎಂಟಮ್ಮ ಅಂತಲೇ ಕರೆಯಿರಿ."

ಯತಿರಾಜರು ನಕ್ಕರು. ಪತ್ರವನ್ನು ಕಟ್ಟಿಗೆ ಸೇರಿಸಿದರು.

ಆ ದಿನ ಕೂಟ ತಡವಾಗಿ ಶುರುವಾಯಿತು. ಪಟ್ಟಿಯೊಂದರಲ್ಲೇ ಅಲ್ಲ, ಇಡೀ ಲೇಖನದಲ್ಲಿ ಅಂಕೆಗಳಿದ್ದವು. ಓಂಕಾರ ಕಂಪ್ಯೂಟರನ್ನು ಮೇಲಕ್ಕೇ ತಂದ. ಪ್ರಜ್ಞಾ ಅಂಕೆ ಹೇಳುತ್ತಿದ್ದಳು, ಯತಿರಾಜರು ಪುಸ್ತಕ ತೆರೆದು ಹೆಸರನ್ನೂ ಅಣ್ಣ ಬರೆದ ಸಾಲನ್ನೂ ಓದುತ್ತಿದ್ದರು, ಓಂಕಾರ ಪುಟ ಪುಟ ಹುಡುಕಿ ತಿದ್ದುತ್ತಿದ್ದ. ನಾಲ್ಕು ಗಂಟೆಯಾದಾಗ ಇನ್ನೂ ನಾಲ್ಕು ಹೆಸರು ಉಳಿದಿದ್ದವು.

"ಇಪ್ಪತ್ತಮೂರು," ಎಂದಳು ಪ್ರಜ್ಞಾ. "ಒಂದೇ ದಿನ ಬಂದವರು."

ಯತಿರಾಜರು ಪುಟ ತಿರುವಿ ಓದಿದರು: "ಸುಭದ್ರೆಯ ಪಾತ್ರಧಾರಿ ಬಾರದ ಕಾರಣ, ಚಹಾ ಕುಡಿಯಲು ಬಂದಿದ್ದ ಕಸ್ತೂರಿಬಾಯಿಯವರು ಬೀದರದ ಮಾತಿನಲ್ಲೇ ಸುಭದ್ರೆಯಾದರು. ಸಭೆ ಮೊದಲು ನಕ್ಕಿತು, ಆಮೇಲೆ ಅತ್ತಿತು."

ನಾನು ವಾರಿಜಕ್ಕನ ಮುಖ ನೋಡಿದೆ.

"ನಿಮಗೆ ಹೇಳಬೇಡಿ ಅಂದಿದ್ದರು," ಎಂದರು ಅಕ್ಕ. "ನಮ್ಮವರು ಕೇಳಿದರ ನಗತಾರ್ರಿ, ಅಂತ."

"ಇನ್ನೊಮ್ಮೆ ಓದ್ರಿ ಯತಿರಾಜಣ್ಣಾರ," ಎಂದೆ.

ಪ್ರಜ್ಞಾ ಗಡಿಯಾರ ನೋಡಿದಳು, ಕೈಯಲ್ಲಿದ್ದ ಹಾಳೆ ಕೆಳಗಿಟ್ಟಳು. ಓಂಕಾರ ಕೀಲಿಮಣೆಯಿಂದ ಬೆರಳು ತೆಗೆದ. ಯತಿರಾಜರು ಮೊದಲಿನಿಂದ ಮತ್ತೆ ಓದಿದರು.

ಪುಟಗಳ ಸ್ಕ್ಯಾನ್, ಹನ್ನೆರಡು ಪತ್ರಗಳ ಜೊತೆ ಲೇಖನ ನಾಲ್ಕೂ ಮುಕ್ಕಾಲಿಗೆ ಹೋಯಿತು. ಅದು ಅಚ್ಚಾಗುವುದೋ ಇಲ್ಲವೋ, ಈ ಕತೆ ಬರೆಯುವ ಹೊತ್ತಿಗೆ ಇನ್ನೂ ತಿಳಿದಿಲ್ಲ. ಕೂಟ ಮುಗಿಸಿ ಮನೆಗೆ ಬಂದೆ. ಬೀಗ ತೆಗೆದು ಬಾಗಿಲಲ್ಲೇ ನಿಂತೆ. ನಾಲ್ಕು ತಿಂಗಳ ಮೇಲೆ ಕೂಗಲು ಒಂದು ಕಾರಣ ಸಿಕ್ಕಿತ್ತು.

"ಕಸ್ತೂರಿ," ಎಂದು ಗಟ್ಟಿಯಾಗಿ ಕೂಗಿದೆ, "ನಿನ್ನ ಸುಭದ್ರಿ ಸುದ್ದಿ ತಿಳೀತು ನೋಡು. ನಾ ಏನ್ ನಗಲಿಲ್ಲ."