ಪಾರ್ಕಿಗೆ ಹಾಕಿದರೆ ನಾಲ್ಕೂ ಬಾಗಿಲು

ಮಾರ್ಚ್ ಹನ್ನೆರಡು, ಮಂಗಳವಾರ, ಸಂಜೆ ನಾಲ್ಕು ಇಪ್ಪತ್ತಕ್ಕೆ ನಕುರು ನಗರದ ಪೂರ್ವ ಠಾಣೆಗೆ ಒಬ್ಬ ಹೆಂಗಸು ಆರು ವರ್ಷದ ಮಗಳ ಕೈ ಹಿಡಿದು ಎಳೆದುಕೊಂಡೇ ಬಂದಳು. ಹೆಸರು ವಾಂಗೆಚಿ, ಔಷಧದಂಗಡಿ ಇಟ್ಟವಳು. ಕಾರಿನ ಹಿಂದಿನ ಸೀಟಿನಿಂದ ಗುಲಾಬಿ ಬಣ್ಣದ ಪುಟ್ಟ ಚೀಲವೊಂದು ಕಳವಾಗಿದೆ ಎಂದಳು. ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಮುತೀಸ್ಯ ಚೀಲದಲ್ಲಿ ಏನಿತ್ತು ಎಂದು ಕೇಳಿದ.

"ನನ್ನ ಮಗಳ ಕಿವಿ."

ಮುತೀಸ್ಯ ಪೆನ್ನು ಎತ್ತಿ ಮಗುವನ್ನು ನೋಡಿದ. ಎರಡೂ ಕಿವಿ ಇದ್ದಲ್ಲೇ ಇದ್ದವು. ಆಗ ವಾಂಗೆಚಿ ಬಿಡಿಸಿ ಹೇಳಿದಳು. ಮಗಳು ಮುಗುರೆ ಹುಟ್ಟು ಕಿವುಡಿ. ಮೂರನೆಯ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತಲೆಯೊಳಗೆ ಒಂದು ಯಂತ್ರ ಕೂರಿಸಿದ್ದಾರೆ. ಅದರ ಇನ್ನೊಂದು ಭಾಗ ಹೊರಗೆ, ಕಿವಿಯ ಹಿಂದೆ ಅಂಟಿಕೊಂಡಿರುತ್ತದೆ. ಹೊರಗಿನದು ಇಲ್ಲದಿದ್ದರೆ ಒಳಗಿನದು ಇದ್ದೂ ಇಲ್ಲದಂತೆ. ಮಂಗಳವಾರ ಈಜಿನ ತರಗತಿ. ಕೂದಲು ಒದ್ದೆಯಾಗಿತ್ತೆಂದು ತೆಗೆದು ಚೀಲಕ್ಕೆ ಹಾಕಿದ್ದಳು. ಅದನ್ನು ಮುಗುರೆಯ ತಲೆಗೆಂದೇ ಹೊಂದಿಸಿರುವುದರಿಂದ ಬೇರೆ ಯಾವ ಮಗುವಿಗೂ ಅದು ಬಾರದು, ಯಾವ ಅಂಗಡಿಯವನೂ ಕೊಳ್ಳುವುದಿಲ್ಲ. ಹೊಸದು ಹೊರದೇಶದಿಂದ ಬರಬೇಕಾದರೆ ಮೂರು ತಿಂಗಳು. ಕದ್ದವನು ಇದೇನೋ ಕೆಲಸಕ್ಕೆ ಬಾರದ್ದು ಎಂದು ಚರಂಡಿಗೆ ಎಸೆಯುವ ಮುಂಚೆ ಅದು ಸಿಗಬೇಕಿತ್ತು.

ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಸಾಲೀನಾ ತಾಲಾಮ್ ಎದ್ದು ಬಂದಳು. ಅವಳ ಪ್ರಶ್ನೆಗಳು ಯಾವಾಗಲೂ ಗಿಡ್ಡ.

"ಕಾರು ಎಲ್ಲಿ ನಿಲ್ಲಿಸಿದ್ರಿ?"

"ಕಾಸು ಹಾಕಿದ್ರೆ ಹಾಲು ಬರೋ ಯಂತ್ರದ ಅಂಗಡಿ ಮುಂದೆ. ಎರಡೇ ನಿಮಿಷ."

"ಗಾಜು ಒಡೆದಿದ್ಯಾ?"

"ಇಲ್ಲ ಅಫಾಂಡೆ," ಎಂದಳು ವಾಂಗೆಚಿ; ನಮ್ಮಲ್ಲಿ ಪೊಲೀಸ್ ಅಧಿಕಾರಿಯನ್ನು ಕರೆಯುವುದೇ ಹಾಗೆ. "ಗೇರನ್ನ ಪಾರ್ಕಿಗೆ ಹಾಕಿದ್ರೆ ನಾಲ್ಕೂ ಬಾಗಿಲಿನ ಲಾಕ್ ತಾನಾಗೇ ಬಿಚ್ಕೊಳ್ಳುತ್ತೆ. ಕೈಯಲ್ಲಿ ಸಾಮಾನು ಇದ್ದಾಗ ಅನುಕೂಲ ಅಂತ ನಾನೇ ಹಾಗೆ ಮಾಡಿಸಿದ್ದೆ."

"ಆಗ ಮಗು ಎಲ್ಲಿತ್ತು?"

ವಾಂಗೆಚಿ ತಲೆ ತಗ್ಗಿಸಿದಳು. "ಕಾರಲ್ಲೇ, ಮುಂದಿನ ಸೀಟಲ್ಲಿ. ಹಿಂದಿನ ಬಾಗಿಲು ತೆಗೆದಿದ್ದು ಅವಳಿಗೆ ಕೇಳ್ಸೇ ಇಲ್ಲ."

ಬಾಗಿಲು ತೆರೆದವನು ಚೀಲದ ಬದಲು ಮಗುವನ್ನೇ ಎತ್ತಿಕೊಂಡಿದ್ದರೆ ಎಂಬ ಯೋಚನೆ ಠಾಣೆಯಲ್ಲಿದ್ದವರೆಲ್ಲರಿಗೂ ಬಂತು. ಮುಗುರೆ ಅಮ್ಮನ ಲಂಗವನ್ನು ಮುಷ್ಟಿಯಲ್ಲಿ ಹಿಡಿದು, ಮಾತಾಡುವವರ ತುಟಿಗಳನ್ನೇ ಒಬ್ಬೊಬ್ಬರದಾಗಿ ನೋಡುತ್ತ ನಿಂತಿತ್ತು. ಅಂದು ಮಧ್ಯಾಹ್ನದವರೆಗೂ ಅರಳು ಹುರಿದಂತೆ ಮಾತಾಡುತ್ತಿದ್ದ ಮಗುವಂತೆ. ಈಗ ಒಂದು ಮಾತಿಲ್ಲ.

ಹಾಲಿನ ಅಂಗಡಿಯವಳನ್ನು ಅಂದೇ ಸಂಜೆ ವಿಚಾರಿಸಲಾಯಿತು. ನೀಲಿ ಮೇಲಂಗಿಯ ಒಬ್ಬ ನಡೆದು ಬಂದು, ತನ್ನದೇ ಕಾರೆಂಬಂತೆ ಬಾಗಿಲು ತೆಗೆದು, ಚೀಲ ಎತ್ತಿಕೊಂಡು ಹೋದ ಎಂದು ಅವಳು ಹೇಳಿಕೆ ಕೊಟ್ಟಳು. ಅವನು ಓಡಲಿಲ್ಲ, ಆಚೀಚೆ ನೋಡಲೂ ಇಲ್ಲ. ಮನೆಯವರೇ ಇರಬೇಕು ಅಂದುಕೊಂಡಳಂತೆ. ಮುಖ ಸರಿಯಾಗಿ ನೆನಪಿರಲಿಲ್ಲ.

ತಾಲಾಮ್ ಹಳೆಯ ದೂರುಗಳನ್ನು ತೆಗೆಸಿದಳು. ಫೆಬ್ರವರಿ ಇಪ್ಪತ್ತಕ್ಕೆ ಜಮೀನು ಅಳೆಯುವ ಸರ್ವೇಯರನೊಬ್ಬನ ಲ್ಯಾಪ್‌ಟಾಪ್. ಮಾರ್ಚ್ ಒಂದಕ್ಕೆ ಚರ್ಚಿನ ಗಾಯನ ತಂಡ ನಡೆಸುವ ಹೆಂಗಸಿನ ಕೈಚೀಲ. ಎರಡರಲ್ಲೂ ಕಾರು ಹಗಲಲ್ಲಿ, ಎರಡು ನಿಮಿಷ ನಿಂತಿತ್ತು. ಗಾಜು ಒಡೆದಿರಲಿಲ್ಲ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ವಾಂಗೆಚಿಯ ಕಾರನ್ನು ಠಾಣೆಯ ಅಂಗಳಕ್ಕೆ ತರಿಸಿದರು. ನಮ್ಮೂರಿನ ಕಾರುಗಳ ಸಂಗತಿ ಗೊತ್ತಲ್ಲ. ಜಪಾನಿನಲ್ಲಿ ಏಳೆಂಟು ವರ್ಷ ಓಡಿ ಸುಸ್ತಾದ ಮೇಲೆ ಹಡಗು ಹತ್ತಿ ನಮ್ಮಲ್ಲಿಗೆ ಬರುತ್ತವೆ. ಕೀಲಿ ತಿರುಗಿಸಿದ ಕೂಡಲೇ ಒಳಗಿನಿಂದ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಾಳೆ. ನಾವು ಹತ್ತು ವರ್ಷದಿಂದ ಅವಳಿಗೆ ಹೂಂಗುಟ್ಟುತ್ತಲೇ ಇದ್ದೇವೆ. ಪರದೆಯ ಮೇಲಿನ ಅಕ್ಷರಗಳಂತೂ ದೇವರಿಗೇ ಪ್ರೀತಿ. ಯಾವ ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದೆಲ್ಲ ಅದರೊಳಗೇ ಇರುತ್ತದೆ, ಓದಲು ಬರಬೇಕಷ್ಟೆ.

ವಾಂಗೆಚಿ ಗೇರನ್ನು ಪಾರ್ಕಿಗೆ ಹಾಕಿ ತೋರಿಸಿದಳು. ಯಾವ ಬಾಗಿಲೂ ಟಕ್ಕೆನ್ನಲಿಲ್ಲ.

"ನಾಲ್ಕೂ ಅಂದ್ರಲ್ಲ?" ಎಂದಳು ತಾಲಾಮ್.

"ನಿನ್ನೆವರೆಗೆ. ಬೆಳಿಗ್ಗೆ ಏಳಕ್ಕೇ ಹೋಗಿ ಬದಲಾಯಿಸ್ಕೊಂಡು ಬಂದೆ. ಈಗ ಕೀಲಿಗುಂಡಿ ಒಂದು ಸಲ ಒತ್ತಿದ್ರೆ ನನ್ನ ಬಾಗಿಲು ಮಾತ್ರ. ಎರಡು ಸಲ ಒತ್ತಿದ್ರೆ ಮಾತ್ರ ಉಳಿದವು."

"ಯಾರ ಹತ್ರ?"

"ಫುಂಡಿ ಜಪಾನಿ ಹತ್ರ."

"ಎಷ್ಟು ತಗೊಂಡ?"

"ಏನೂ ತಗೊಳ್ಳಿಲ್ಲ ಅಫಾಂಡೆ. ಪಾಪ, ಒಳ್ಳೆ ಮನುಷ್ಯ."

ಚಹಾ ಕುಡಿಯುತ್ತಿದ್ದ ಮುತೀಸ್ಯನಿಗೆ ಕೆಮ್ಮು ಹತ್ತಿತು. ಫುಂಡಿ ಎಂದರೆ ನಮ್ಮಲ್ಲಿ ಮೆಕ್ಯಾನಿಕ್. ಫುಂಡಿ ಜಪಾನಿ ಎಂದರೆ ಒಬುಯಾ. ಹಿಂದೊಮ್ಮೆ ಎರಡು ವರ್ಷ ಕೂತು ಜಪಾನಿ ಭಾಷೆ ಕಲಿತವನು. ಬಸ್ ನಿಲ್ದಾಣದ ಹಿಂದೆ ತಗಡಿನ ಅಂಗಡಿ ಹಾಕಿಕೊಂಡು ಊರಿನ ಕಾರುಗಳ ಪರದೆಯನ್ನೆಲ್ಲ ಓದಿಕೊಡುತ್ತಿದ್ದ. ಬಿಟ್ಟಿ ಕೆಲಸ ಅವನ ಜಾಯಮಾನದಲ್ಲೇ ಇರಲಿಲ್ಲ. ಕಳೆದ ವರ್ಷ ತನ್ನ ಕಾರಿನ ಗಡಿಯಾರ ಸರಿ ಮಾಡಿದ್ದಕ್ಕೆ ಕಾಸು ಕಿತ್ತುಕೊಂಡದ್ದನ್ನು ಮುತೀಸ್ಯ ಇನ್ನೂ ಮರೆತಿರಲಿಲ್ಲ. "ಒಬುಯಾ ಪುಕ್ಕಟೆ ಮಾಡಿದ್ನಾ? ಅವನಿಗೆ ಜ್ವರ ಬಂದಿರ್ಬೇಕು ಅಫಾಂಡೆ," ಎಂದ.

ತಾಲಾಮ್ ನಗಲಿಲ್ಲ. ಸರ್ವೇಯರನಿಗೂ ಗಾಯನ ತಂಡದ ಹೆಂಗಸಿಗೂ ಫೋನು ಹೋಯಿತು. ಇಬ್ಬರೂ ಕಳವಾದ ಮಾರನೆಯ ದಿನವೇ ಅವನ ಅಂಗಡಿಗೆ ಹೋಗಿ ಲಾಕ್ ಬದಲಾಯಿಸಿಕೊಂಡಿದ್ದರು. ಇಬ್ಬರಿಂದಲೂ ಒಬುಯಾ ಏನೂ ತೆಗೆದುಕೊಂಡಿರಲಿಲ್ಲ. ಮೊದಲ ಸಲ ನಾಲ್ಕೂ ಬಾಗಿಲು ಒಟ್ಟಿಗೆ ತೆರೆಯುವಂತೆ ಮಾಡು ಎಂದಾಗ ಬೇಡ ಬೇಡ ಎಂದು ಜಗಳವನ್ನೇ ಆಡಿದ್ದನಂತೆ. ಕೊನೆಗೆ, ಗಿರಾಕಿಯ ಕಾರು ಗಿರಾಕಿಯ ಇಷ್ಟ ಎಂದು ಗೊಣಗುತ್ತ ಮಾಡಿಕೊಟ್ಟಿದ್ದ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಪೊಲೀಸರು ತಗಡಿನ ಅಂಗಡಿ ತಲುಪಿದರು. ಪಕ್ಕದ ಚಹಾದವನನ್ನೂ ಟೈರಿನವನನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ಮಾಡಿದರು. ತಂತಿ, ಸ್ಪ್ಯಾನರು, ಹಳೆಯ ಕೀಲಿಗಳು, ಕರಿ ಹತ್ತಿದ ಜಪಾನಿ ನಿಘಂಟು. ಚೀಲ ಇಲ್ಲ. ಗೋಡೆಗೆ ನೀಲಿ ಮೇಲಂಗಿ ನೇತಾಡುತ್ತಿತ್ತು, ಆದರೆ ಆ ಸಾಲಿನ ಅಷ್ಟೂ ಮೆಕ್ಯಾನಿಕರಿಗೆ ಅಂಥದ್ದೇ ಇತ್ತು. ಒಬುಯಾನನ್ನು ವಿಚಾರಣೆಗೆಂದು ಠಾಣೆಗೆ ಕರೆತಂದರು.

ತಾಲಾಮ್ ಗದರಿಸಲಿಲ್ಲ. ಚೀಲದಲ್ಲಿ ಇದ್ದದ್ದೇನು, ಆಗ ಮುಂದಿನ ಸೀಟಿನಲ್ಲಿ ಕೂತಿದ್ದವರು ಯಾರು ಎಂದು ಮೆಲ್ಲಗೆ ಹೇಳಿದಳು. ಅವನ ಮುಖ ಕಪ್ಪಿಟ್ಟಿತು. ಕೂತಲ್ಲಿಂದ ಎದ್ದುನಿಂತ.

"ನನ್ನನ್ನ ಒಬ್ಬನ್ನೇ ಮನೆಗೆ ಬಿಡಿ. ಒಂದು ಗಂಟೆಲಿ ತಂದ್ಕೊಡ್ತೀನಿ. ನೀವ್ಯಾರೂ ಬರ್ಬೇಡಿ."

"ನಾವ್ಯಾಕೆ ಬರ್ಬಾರ್ದು?"

ಬರ್ಬೇಡಿ ಎಂದಷ್ಟೇ ಅವನು ಮತ್ತೆ ಗೋಗರೆದ. ಮನೆಯಲ್ಲಿ ಇನ್ನಷ್ಟು ಕಳವಿನ ಮಾಲು ಬಚ್ಚಿಟ್ಟಿದ್ದಾನೆ ಎಂದೇ ತಾಲಾಮ್ ತಿಳಿದಳು. ಯಾರಾದರೂ ಹಾಗೇ ತಿಳಿಯುತ್ತಿದ್ದರು. ಶೋಧನೆಯ ಅಪ್ಪಣೆಗೆ ಅರ್ಜಿ ಬರೆದು ನ್ಯಾಯಾಲಯಕ್ಕೆ ಕಳಿಸಿದಳು. ಮ್ಯಾಜಿಸ್ಟ್ರೇಟರು ಊಟಕ್ಕೆ ಎದ್ದಿದ್ದರು. ಎರಡು ಗಂಟೆಗೆ ಬರುತ್ತಾರೆಂದು ಗುಮಾಸ್ತ ಹೇಳಿ ಕಳಿಸಿದ.

ಠಾಣೆಯಲ್ಲಿ ಕೂರಿಸಿದವನ ಮನೆಯವರಿಗೆ ತಿಳಿಸುವುದು ಮುತೀಸ್ಯನ ಪಾಲಿನ ಕೆಲಸ. ಹನ್ನೆರಡು ಗಂಟೆಗೆ ಅವನು ಒಬುಯಾನ ಹೆಂಡತಿ ಅಪೋಂಡಿಗೆ ಫೋನು ಮಾಡಿದ. ಎರಡು ಸಾಲಿನಲ್ಲಿ ಮುಗಿಯಬೇಕಾದ ಮಾತು. ಮುತೀಸ್ಯನ ಬಾಯಲ್ಲಿ ಯಾವುದೂ ಎರಡು ಸಾಲಿಗೆ ಮುಗಿಯುವುದಿಲ್ಲ. ಮಗುವಿನ ಕಿವಿ, ಮಗು ಮಾತು ಬಿಟ್ಟದ್ದು, ಅದರ ಅಮ್ಮ ಅತ್ತದ್ದು, ಎಲ್ಲವನ್ನೂ ಹೇಳಿದ. ಫೋನಿನಲ್ಲಿ ಹರಟೆ ಹೊಡೆದದ್ದಕ್ಕೆ ತಾಲಾಮ್ ಅವನನ್ನು ಚೆನ್ನಾಗಿ ಬೈದಳು.

ಒಂದು ಗಂಟೆ ನಲವತ್ತೈದು ನಿಮಿಷಕ್ಕೆ ಠಾಣೆಯ ಬಾಗಿಲಲ್ಲಿ ಒಬ್ಬ ಎತ್ತರದ ಹೆಂಗಸು ನಿಂತಿದ್ದಳು. ಮೊಣಕಾಲವರೆಗೆ ಕೆಂಧೂಳು. ಒಂದು ಭುಜಕ್ಕೆ ಲ್ಯಾಪ್‌ಟಾಪ್ ಚೀಲ, ಇನ್ನೊಂದಕ್ಕೆ ಕೈಚೀಲ, ಎದೆಗೆ ಅವಚಿಕೊಂಡಿದ್ದ ಗುಲಾಬಿ ಚೀಲ.

"ನಾನು ಅಪೋಂಡಿ. ಇವು ಮನೇಲಿ ಹಿಟ್ಟಿನ ಡಬ್ಬಿ ಹಿಂದೆ ಇದ್ವು," ಎಂದಳು. "ಮೊದ್ಲು ಆ ಮಗುನ ಕರೆಸಿ."

ಲಾನೆಟ್ ಕಡೆಯ ಮನೆಯಿಂದ ಠಾಣೆಗೆ ಎಂಟು ಕಿಲೋಮೀಟರಾಗುತ್ತದೆ. ದಾರಿಯುದ್ದಕ್ಕೂ ವ್ಯಾನುಗಳು ಹಾರನ್ ಬಾರಿಸಿ ಕರೆಯುತ್ತಲೇ ಇರುತ್ತವೆ. ಅವಳು ನಡೆದೇ ಬಂದಿದ್ದಳು.

ವಾಂಗೆಚಿ ಅಂಗಡಿಯ ಬಿಳಿ ಕೋಟಿನಲ್ಲೇ ಮಗಳನ್ನು ಎತ್ತಿಕೊಂಡು ಓಡಿ ಬಂದಳು. ಗುಲಾಬಿ ಚೀಲ ಬಿಚ್ಚಿ, ಯಂತ್ರವನ್ನು ಒರೆಸಿ, ಬ್ಯಾಟರಿ ನೋಡಿ, ಮಗಳ ಕಿವಿಯ ಹಿಂದೆ ಇಟ್ಟಳು. ಅದು ತಟಕ್ಕನೆ ಅಂಟಿಕೊಂಡಿತು. ಸಣ್ಣ ಹಸಿರು ದೀಪ ಮಿನುಗಿತು. ಇಡೀ ಠಾಣೆ ಸುತ್ತ ನೆರೆದಿತ್ತು. ಕೈಕೋಳ ಹಾಕಿಸಿಕೊಂಡು ಮೂಲೆಯಲ್ಲಿ ಕೂತಿದ್ದ ಜೇಬುಗಳ್ಳ ಕೂಡ ಕತ್ತು ಚಾಚಿದ್ದ. ವಾಂಗೆಚಿ ಮಗಳ ಹೆಸರು ಕರೆಯಲು ಹೋಗಿ ಬಿಕ್ಕಿ ಬಿಕ್ಕಿ ಅತ್ತಳು.

"ಅಮ್ಮ, ಅಳ್ಬೇಡ. ತುಂಬ ಸದ್ದು," ಎಂದಿತು ಮುಗುರೆ.

ಅಬ್ಬಾ, ಎಂಥ ಹಗುರವಾಯಿತು ಎಲ್ಲರಿಗೂ. ಮುತೀಸ್ಯ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಕೈಯಲ್ಲಿದ್ದ ಅರ್ಧ ಮಂಡಾಜಿಯನ್ನು, ನಮ್ಮ ಸಿಹಿ ಬೋಂಡಾವನ್ನು, ಮಗುವಿಗೆ ಕೊಟ್ಟ. ಆಮೇಲೆ ಮಗು ಬಾಯಿ ಮುಚ್ಚಲಿಲ್ಲ. ಈಜುಕೊಳ, ಹಾಲು, ಪೊಲೀಸ್ ಟೋಪಿ, ಒಂದನ್ನೂ ಬಿಡಲಿಲ್ಲ. ಅಷ್ಟು ಹೊತ್ತಿಗೆ ಒಬುಯಾನನ್ನು ಒಳಕೋಣೆಯಿಂದ ಕರೆತಂದರು. ಅವನು ಚೀಲಗಳನ್ನು ನೋಡಲಿಲ್ಲ, ಪೊಲೀಸರನ್ನೂ ನೋಡಲಿಲ್ಲ. ಹೆಂಡತಿಯ ಧೂಳು ಮೆತ್ತಿದ ಕಾಲನ್ನು ನೋಡುತ್ತ ನಿಂತುಬಿಟ್ಟ.

"ನೀನು ಹೊರಗೆ ಬಂದ್ಯಾ?" ಎಂದ.

ಮೂರು ಗಂಟೆ ಹದಿನೈದಕ್ಕೆ ಬಂಧನ ದಾಖಲಾಯಿತು. ಹೇಳಿಕೆಯನ್ನು ಒಬುಯಾ ತಡವರಿಸದೆ ಕೊಟ್ಟ.

ಅಪೋಂಡಿ ಟ್ಯಾಕ್ಸಿ ಓಡಿಸುತ್ತಿದ್ದಳು. ಊರಿನಲ್ಲಿ ಅವಳಷ್ಟು ಚೊಕ್ಕಟವಾಗಿ ಗಾಡಿ ಹಿಂದಕ್ಕೆ ತೆಗೆಯುವವರಿರಲಿಲ್ಲ ಎಂದ. ಇಳಿಯುವವರು ಲಾಕ್ ತೆಗೆ ಎಂದು ಬಾಗಿಲು ಬಡಿದು ಬಡಿದು ಕೂಗುತ್ತಾರೆ, ಏನಾದರೂ ಮಾಡು ಎಂದು ಅವಳು ಗಂಡನಿಗೆ ಹೇಳಿದ್ದಳು. ಅವನು ಪರದೆ ತೆರೆದು, ಪಾರ್ಕಿಗೆ ಹಾಕಿದರೆ ನಾಲ್ಕೂ ಬಾಗಿಲು ತೆರೆಯುವಂತೆ ಹೊಂದಿಸಿಕೊಟ್ಟ. ಅರ್ಧ ನಿಮಿಷದ ಕೆಲಸ. ಆಗಸ್ಟಿನ ಒಂದು ಮಧ್ಯಾಹ್ನ ಒಬ್ಬ ಮುದುಕಿಯನ್ನು ಇಳಿಸಲು ಕಾರು ನಿಲ್ಲಿಸಿದಾಗ ನಾಲ್ಕೂ ಬಾಗಿಲು ಟಕ್ಕೆಂದವು. ಎರಡು ಕಡೆಯಿಂದ ಇಬ್ಬರು ಗಂಡಸರು ಒಳಗೆ ಬಂದು ಕೂತರು. ಸಂಜೆ ಅವಳನ್ನು ಊರಾಚೆ ಬಿಟ್ಟುಹೋದರು. ಜೀವ ಉಳಿದಿತ್ತು. ಅಂದಿನಿಂದ ಏಳು ತಿಂಗಳು ಅವಳು ಮನೆಯ ಹೊಸ್ತಿಲು ದಾಟಿರಲಿಲ್ಲ. ಬಾಗಿಲಿಗೆ ನಾಲ್ಕು ಚಿಲಕ. ಯಾರಾದರೂ ಬಾಗಿಲು ಬಡಿದರೆ ಮಂಚದ ಕೆಳಗೆ ಹೋಗಿ ಕೂರುತ್ತಿದ್ದಳು. ಪೊಲೀಸರು ಮನೆಗೆ ಬರುವುದು ಬೇಡ ಎಂದು ಅವನು ಗೋಗರೆದದ್ದು ಅದಕ್ಕೇ.

ಕೇಳುತ್ತ ಕೇಳುತ್ತ ತಾಲಾಮ್ ಬರೆಯುವುದನ್ನು ನಿಲ್ಲಿಸಿದ್ದಳು.

"ಅದೇ ಥರ ಮಾಡ್ಕೊಡು ಅಂತ ಜನ ನನ್ನ ಹತ್ರಾನೇ ಬರ್ತಿದ್ರು ಅಫಾಂಡೆ," ಎಂದ ಒಬುಯಾ. "ಬೇಡ ಅಂದ್ರೆ ನಗ್ತಿದ್ರು. ಏನಾದ್ರೂ ಕಳ್ಕೊಂಡ್ರೆ ಬುದ್ಧಿ ಬರುತ್ತೆ ಅಂತ, ಅವರ ಕಾರು ದಾರೀಲಿ ನಿಂತಿದ್ದು ಕಂಡಾಗ ಎತ್ಕೊಂಡೆ. ಮಾರ್ಬೇಕು ಅಂತಲ್ಲ. ಮಾರನೇ ದಿನಾನೇ ಓಡಿ ಬಂದು ಬದಲಾಯಿಸ್ಕೊಂಡ್ರು ನೋಡಿ. ವಾಪಸ್ ಹೇಗೆ ಕೊಡೋದು ಅಂತ ಮಾತ್ರ ಹೊಳೀಲಿಲ್ಲ."

"ನೀನು ಮಗು ಇದ್ದ ಕಾರಿನ ಬಾಗಿಲು ತೆಗೆದೆ."

"ಕಪ್ಪು ಗಾಜು, ಎತ್ತರದ ಸೀಟು. ನನಗೆ ಕಾಣ್ಲಿಲ್ಲ," ಎಂದು ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಕಳವು ಕಳವೇ. ಮೂರು ಪ್ರಕರಣಗಳ ಕಡತವೂ ಮಾರನೆಯ ದಿನ ನ್ಯಾಯಾಲಯಕ್ಕೆ ಹೋಗಬೇಕಿತ್ತು. ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಯಾರೋ ಕೇಳಿದ್ದಕ್ಕೆ ವಾಂಗೆಚಿ ಇಲ್ಲ ಎಂದಳು, ಅಷ್ಟು ಬೇಗ ಅವನನ್ನು ಕ್ಷಮಿಸಲು ತನ್ನಿಂದಾಗದು ಎಂದಳು. ಆದರೆ ಹೊರಡುವ ಮುಂಚೆ ಅಪೋಂಡಿಯ ಪಕ್ಕದ ಬೆಂಚಿನಲ್ಲಿ ಬಹಳ ಹೊತ್ತು ಕೂತಿದ್ದಳು. ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ. ಮುಗುರೆಗೆ ಗೊತ್ತಿರಬೇಕು, ಮಧ್ಯದಲ್ಲೇ ಕೂತಿತ್ತು.

ಐದು ಗಂಟೆಗೆ ಕೆಲಸ ಮುಗಿಸಿ ಹೊರಬಂದ ತಾಲಾಮ್‌ಗೆ ಅಂಗಳದಲ್ಲಿ ಅಪೋಂಡಿ ಸಿಕ್ಕಳು. ರಸ್ತೆಯ ಕಡೆಗೆ ನೋಡುತ್ತ ಚಪ್ಪಲಿಯ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದಳು.

"ನಾನು ಬಿಟ್ಟು ಬರ್ತೀನಿ ಬಾಮ್ಮ," ಎಂದಳು ತಾಲಾಮ್.

"ಬೇಡ ಮೇಡಂ. ನಡೀತೀನಿ. ಕಾರಲ್ಲಿ ಕೂರೋಕಾಗಲ್ಲ."

ತಾಲಾಮ್ ಬಲವಂತ ಮಾಡಲಿಲ್ಲ. ತನ್ನ ಸ್ವಂತ ಕಾರಿನ ಕೀಲಿಯನ್ನು ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟಳು. "ಹಾಗಾದ್ರೆ ನೀನೇ ಓಡಿಸು. ನಂಗೂ ಇವತ್ತು ಸಾಕಾಗಿದೆ."

ಅಪೋಂಡಿ ಕೀಲಿಯನ್ನೇ ನೋಡುತ್ತ ನಿಂತಳು. ಗುಂಡಿಯನ್ನು ಒಂದು ಸಲ ಒತ್ತಿದಳು. ಚಾಲಕನ ಬಾಗಿಲೊಂದೇ ತೆರೆಯಿತು. ಸುತ್ತ ನಡೆದು ಉಳಿದ ಮೂರರ ಹಿಡಿಯನ್ನೂ ಎಳೆದು ನೋಡಿದಳು; ಒಂದೂ ಬಗ್ಗಲಿಲ್ಲ. ಒಳಗೆ ಕೂತು ಬಾಗಿಲು ಹಾಕಿಕೊಂಡಳು. ಲಾಕ್ ಬಿದ್ದ ಸದ್ದು ಹೊರಗೆ ಕೇಳಿಸಿತು. ಕೈಗಳನ್ನು ಸ್ಟೀರಿಂಗ್ ಚಕ್ರದ ಮೇಲಿಟ್ಟು ಕಣ್ಣು ಮುಚ್ಚಿ ಕೂತಳು.

ಇನ್ಸ್‌ಪೆಕ್ಟರ್ ಎಡಗಡೆಯ ಬಾಗಿಲ ಬಳಿ ಬಿಸಿಲಲ್ಲಿ ಕಾಯುತ್ತ ನಿಂತಳು. ತಟ್ಟಲಿಲ್ಲ. ಮುತೀಸ್ಯ ಮೆಟ್ಟಿಲ ಮೇಲಿಂದ ಏನೋ ಹೇಳಲು ಬಾಯಿ ತೆರೆದವನು ಈ ಸಲ ಸುಮ್ಮನಾದ. ಐದು ನಿಮಿಷವಾಯಿತೋ ಹತ್ತಾಯಿತೋ. ಆಮೇಲೆ ಅಪೋಂಡಿ ಪಕ್ಕಕ್ಕೆ ಬಾಗಿ, ಅವಳಿಗಾಗಿ ಆ ಒಂದು ಬಾಗಿಲು ತೆಗೆದಳು.