ಗಾದ್ರಪ್ಪನ ಗಂಗಾಳ

ಕಣಗಿಲೆ ಬೇರಿನ ರಸ ಹುರುಳಿ ಸಾರಿಗೆ ಬಿದ್ದ ಮೇಲೆ ಉಗ್ರಪ್ಪ ಬೆರಳಿಂದ ಕಲಕಲಿಲ್ಲ. ಗಂಗಾಳವನ್ನೇ ಎತ್ತಿ ಮೆಲ್ಲಗೆ ತೂಗಿದ. ಬೆರಳು ಚೀಪುವ ಚಾಳಿ ತನಗುಂಟೆಂದು ಅವನಿಗೆ ಗೊತ್ತಿತ್ತು. ತನ್ನ ಚಾಳಿಯನ್ನೇ ನಂಬದವನು ಸಿಕ್ಕಿಬೀಳುವುದು ಹೇಗೆ?

ಆ ಕಂಚಿನ ಗಂಗಾಳದಲ್ಲಿ ಮಾವ ಗಾದ್ರಪ್ಪ ಬಿಟ್ಟು ಬೇರೆ ಯಾರೂ ಉಣ್ಣುತ್ತಿರಲಿಲ್ಲ. ಉಳಿದವರಿಗೆಲ್ಲ ಮುತ್ತುಗದೆಲೆ. ಉಗ್ರಪ್ಪನ ಹೆಂಡತಿ ಕರಿಯಕ್ಕ ಬಡಿಸಿಟ್ಟು ನೀರಿಗೆ ಹೋಗಿದ್ದಳು.

ಪ್ಲೇಗಿನಲ್ಲಿ ಮಗ ತೀರಿಕೊಂಡ ಮೇಲೆ ಗಾದ್ರಪ್ಪ ಉಗ್ರಪ್ಪನನ್ನು ಸಿದ್ದಾಪುರದಿಂದ ತಳಕಿಗೆ ಮನೆ ಅಳಿಯನಾಗಿ ತಂದಿದ್ದ. ಒಂಬತ್ತು ವರ್ಷ ಉಗ್ರಪ್ಪ ಕುರಿ ಕಾಯ್ದ, ಉಣ್ಣೆ ಕತ್ತರಿಸಿದ, ಬಳ್ಳಾರಿಗೆ ಕಂಬಳಿ ಗಾಡಿ ಹೊಡೆದ. ಈಗ ಮುದುಕ ತಮ್ಮನ ಮಗ ಯತ್ತಪ್ಪನನ್ನು ಕರೆಸಿದ್ದಾನೆ. ಹಿರಿಯರೂ ಬಂದಿದ್ದಾರೆ. ಹೊಲ, ಮುನ್ನೂರು ಕುರಿ, ನಾಲ್ಕು ಮಗ್ಗ ಯಾರಿಗೆಂದು ಇವತ್ತು ಸಾರುತ್ತಾನಂತೆ. ಯತ್ತಪ್ಪನಿಗಲ್ಲದೆ ಇನ್ನಾರಿಗೆ? ಸಾರುವ ಮೊದಲೇ ಮುದುಕ ಹೋದರೆ ಎಲ್ಲ ಮಗಳಿಗೆ, ಮಗಳಿಗೆಂದರೆ ಉಗ್ರಪ್ಪನಿಗೆ. ಮುದುಕನಿಗೆ ಎದೆ ಬಲವಿಲ್ಲವೆಂದು ಪಂಡಿತರು ಹೋದ ತಿಂಗಳೇ ಹೇಳಿದ್ದರು. ಉಣ್ಣುತ್ತ ಕುಂತವನು ಹಾಗೇ ಹೋದ ಎನ್ನಲು ಐದು ಜನ ಹಿರಿಯರಿದ್ದರು. ಇಷ್ಟು ಒಳ್ಳೆಯ ಸಾಕ್ಷಿಗಳು ಯಾವ ಕೊಲೆಗಾರನಿಗೆ ಸಿಕ್ಕಾರು!

ಎಲ್ಲರೂ ಪಡಸಾಲೆಯಲ್ಲಿ ಕುಂತರು. ಉಗ್ರಪ್ಪ ತಾನೇ ಗಂಗಾಳ ತಂದು ಮಾವನ ಮುಂದಿಟ್ಟ.

"ಏನ್ ಭಾವ, ಹಿಂಗೆ ಬೆವರ್ತೀಯ? ಕುರಿ ನಿನ್ನ ಅಟ್ಟಿಸ್ಕೊಂಡ್ ಬಂದ್ವಾ?" ಯತ್ತಪ್ಪ ನಕ್ಕ.

"ಉಣ್ಣಲೇ ಸುಮ್ನೆ. ಮುದ್ದೆ ಆರ್ತೈತೆ."

"ತಡೀರಿ," ಅಂದ ಗಾದ್ರಪ್ಪ. "ಮೊದ್ಲು ಮಾತು, ಆಮ್ಯಾಲೆ ಊಟ. ಯತ್ತಪ್ಪ, ನಾಳೆ ನೀನು ತಕರಾರು ತೆಗೀಬಾರ್ದು, ಅದಕ್ಕೇ ಕರ್ಸೀನಿ. ಹೊಲ, ಕುರಿ, ಮಗ್ಗ, ಎಲ್ಲಾ ನನ್ನ ಅಳಿಯಂದು."

ಉಗ್ರಪ್ಪನಿಗೆ ಮೊದಲು ಬಂದದ್ದು ಸಂತೋಷವೇ. ಗಂಗಾಳ ಎತ್ತಿಕೊಂಡು ಹೋಗಬೇಕು, ಎಡವಿದಂತೆ ಮಾಡಿ ಚೆಲ್ಲಬೇಕು, ಅಷ್ಟೇ ತಾನೆ? ಅವನು ಕೈ ಚಾಚುವಷ್ಟರಲ್ಲಿ ಮುದುಕ ಮುದ್ದೆ ಮುರಿದು, ಸಾರಲ್ಲಿ ಚೆನ್ನಾಗಿ ಹೊರಳಿಸಿ, ತುತ್ತನ್ನು ಅವನ ಬಾಯಿಯ ಹತ್ತಿರ ಹಿಡಿದಿದ್ದ.

"ಈ ಮನ್ಯಾಗೆ ಯಜಮಾನಿಕೆ ಹಿಂಗೇ ಕೊಡೋದು. ಹಳೇ ಯಜಮಾನನ ಗಂಗಾಳದಾಗಿನ ಮೊದಲ ತುತ್ತು ಹೊಸಬನಿಗೆ. ನಮ್ಮಪ್ಪ ನನಗೂ ಹಿಂಗೇ ಉಣ್ಸಿದ್ದ. ತುತ್ತು ಒಲ್ಲದೋನಿಗೆ ಮನೇನೂ ಇಲ್ಲ." ಒಂಬತ್ತು ವರ್ಷದಲ್ಲಿ ಇದನ್ನು ಅಳಿಯನಿಗೆ ಹೇಳುವ ಪ್ರಸಂಗ ಯಾರಿಗೂ ಬಂದಿರಲಿಲ್ಲ. ಐವರು ಹಿರಿಯರೂ ಎಲೆಯ ಮೇಲಿನ ಕೈ ಹಾಗೇ ನಿಲ್ಲಿಸಿ ನೋಡುತ್ತಿದ್ದರು. "ಬಾಯಿ ತೆಗಿಯಪ್ಪ," ಅಂದ ಗಾದ್ರಪ್ಪ, ಎಂದೂ ಇಲ್ಲದ ಅಕ್ಕರೆಯಿಂದ.

"ಒಲ್ಲೆ," ಅಂದ ಉಗ್ರಪ್ಪ.